ಮಿದುಳು ಸಾವಿನ ರೋಗಿಯ ದೇಹತಾಪ ನಿರ್ವಹಣೆ: ಐಸಿಯು ಸಿಬ್ಬಂದಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಿದುಳು ಸಾವಿನ ಪರೀಕ್ಷೆಗೆ ಎಲ್ಲ ಸಿದ್ಧವಾಗಿದೆ. ವೈದ್ಯರು ಬಂದಿದ್ದಾರೆ, ಮನೆಯವರು ಹೊರಗೆ ಕಾಯುತ್ತಿದ್ದಾರೆ. ಆಗ ಥರ್ಮಾಮೀಟರ್ 34.6 ತೋರಿಸುತ್ತದೆ. ಇಷ್ಟು ಕಡಿಮೆ ತಾಪದಲ್ಲಿ ಪರೀಕ್ಷೆ ಮಾಡುವಂತಿಲ್ಲ, ಅದನ್ನು ಮುಂದೂಡಬೇಕಾಗುತ್ತದೆ, ಗಡಿಬಿಡಿಯಲ್ಲಿ ಹೊದಿಕೆಗಳು ಬರುತ್ತವೆ, ಎರಡು ಗಂಟೆ ಕಳೆದರೂ ತಾಪ 35 ದಾಟುವುದಿಲ್ಲ. ಕೊನೆಗೆ ರಾತ್ರಿ ಶಿಫ್ಟಿನವರಿಗೆ ಕೆಲಸ ಉಳಿಯುತ್ತದೆ.

ಇದು ಮತ್ತೆ ಮತ್ತೆ ಆಗುವುದಕ್ಕೆ ಮುಖ್ಯ ಕಾರಣ ಉಪಕರಣದ ಕೊರತೆಯಲ್ಲ, ಕೆಲಸದ ಕ್ರಮ ತಪ್ಪುವುದು. ತಾಪ ಬಿದ್ದ ಮೇಲೆ ಏರಿಸುವುದು ಕಷ್ಟ, ಬೀಳದಂತೆ ನೋಡಿಕೊಳ್ಳುವುದು ಸುಲಭ. ಮಿದುಳು ಕಾಂಡದ ಪ್ರತಿವರ್ತನೆಗಳು (ಬೆಳಕಿಗೆ ಪಾಪೆ ಕಿರಿದಾಗುವುದು, ಕೆಮ್ಮು ಇತ್ಯಾದಿ) ಹೋದವು ಎಂಬ ಅನುಮಾನ ಬಂದ ಗಳಿಗೆಯಿಂದಲೇ ಕೆಳಗಿನ ಹಂತಗಳು ಶುರುವಾಗಬೇಕು. ಪರೀಕ್ಷೆಯ ಸಮಯ ಗೊತ್ತಾದ ಮೇಲೆ ಶುರು ಮಾಡಿದರೆ ತಡವಾಗಿರುತ್ತದೆ. ಇಲ್ಲಿರುವ ಅಂಕಿಗಳು ವಯಸ್ಕರಿಗೆ ಸಂಬಂಧಿಸಿದವು, ತಾಪವೆಲ್ಲ ಸೆಲ್ಸಿಯಸ್‌ನಲ್ಲಿದೆ. ಔಷಧ ಮತ್ತು ಪರೀಕ್ಷೆಯ ನಿರ್ಧಾರ ನಿಮ್ಮ ಆಸ್ಪತ್ರೆಯ ನಿಯಮಾವಳಿಗೂ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ಬಿಟ್ಟದ್ದು.

ತಾಪ ಏಕೆ ಬೀಳುತ್ತದೆ

ದೇಹದ ತಾಪವನ್ನು ಹಿಡಿದಿಡುವ ನಿಯಂತ್ರಣ ಇರುವುದು ಹೈಪೊಥಾಲಮಸ್‌ನಲ್ಲಿ. ಅದು ನಿಂತರೆ ಚಳಿಗೆ ನಡುಕ ಬರುವುದಿಲ್ಲ, ಚರ್ಮದ ರಕ್ತನಾಳಗಳು ಬಿಗಿಯುವುದಿಲ್ಲ. ಮಿದುಳು ಕೆಲಸ ಮಾಡುತ್ತಿಲ್ಲ, ಸ್ನಾಯುಗಳು ಸಡಿಲವಾಗಿವೆ, ಹಾಗಾಗಿ ಒಳಗೆ ಹುಟ್ಟುವ ಶಾಖವೂ ಕಡಿಮೆ. ದೇಹ ಸುತ್ತಲಿನ ಗಾಳಿಯ ತಾಪದ ಕಡೆಗೆ ನಿಧಾನವಾಗಿ ಜಾರುತ್ತದೆ.

ಊದಿಕೊಂಡ ಮಿದುಳು ಕೆಳಕ್ಕೆ ಒತ್ತಿಕೊಳ್ಳುವ ಹೊತ್ತಿನಲ್ಲಿ ಅಡ್ರಿನಲಿನ್ ಉಕ್ಕಿ ಬಿಪಿ, ನಾಡಿ, ಕೆಲವೊಮ್ಮೆ ತಾಪವೂ ಏರುತ್ತದೆ. ಇದು ಹೆಚ್ಚು ಹೊತ್ತು ಇರುವುದಿಲ್ಲ. ಆಗ ಕಂಡ 38 ಡಿಗ್ರಿಯನ್ನು ನೋಡಿ 'ಜ್ವರ ಇದೆ, ಬೆಚ್ಚಗಿಡುವುದು ಬೇಡ' ಎಂದು ಹೊದಿಕೆ ತೆಗೆದು, ಫ್ಯಾನ್ ಹಾಕಿ ಮರೆತುಬಿಡುವುದು ಸಾಮಾನ್ಯ ತಪ್ಪು. ಮುಂದಿನ ಇಳಿತಕ್ಕೆ ಅಲ್ಲೇ ದಾರಿಯಾಗುತ್ತದೆ.

ಮೊದಲೇ ಹಾಸಿಗೆ ಬಳಿ ಇರಬೇಕಾದ ಸಾಮಗ್ರಿ

- ನಿರಂತರವಾಗಿ ತೋರಿಸುವ ಒಳತಾಪದ ಪ್ರೋಬ್: ಅನ್ನನಾಳದ್ದು ಅಥವಾ ತಾಪ ಸೆನ್ಸರ್ ಇರುವ ಯೂರಿನ್ ಕ್ಯಾಥೆಟರ್
- ಬಿಸಿಗಾಳಿ ತುಂಬುವ ಹೊದಿಕೆ ಮತ್ತು ಅದರ ಯಂತ್ರ
- ಡ್ರಿಪ್ ಹಾಗೂ ರಕ್ತ ಬಿಸಿ ಮಾಡುವ ಫ್ಲೂಯಿಡ್ ವಾರ್ಮರ್
- ವೆಂಟಿಲೇಟರಿಗೆ ಬಿಸಿ ತೇವಾಂಶ ಕೊಡುವ ಹ್ಯುಮಿಡಿಫೈಯರ್
- ತಲೆ ಮುಚ್ಚಲು ಟೋಪಿ ಅಥವಾ ಒಣ ಟವೆಲ್, ಬದಲಾಯಿಸಲು ಒಣ ಹಾಸು
- ಗಂಟೆಗಂಟೆಗೆ ತುಂಬುವ ಚಾರ್ಟ್: ತಾಪ, ಒಳಹೋದ ದ್ರವ, ಮೂತ್ರ, ವಾರ್ಮರ್ ಸೆಟ್ಟಿಂಗ್ ಒಂದೇ ಪುಟದಲ್ಲಿ

ಕೊನೆಯದನ್ನು ಕಡೆಗಣಿಸಬೇಡಿ. ತಾಪ ಒಂದು ಹಾಳೆಯಲ್ಲಿ, ದ್ರವದ ಲೆಕ್ಕ ಇನ್ನೊಂದರಲ್ಲಿ ಇದ್ದರೆ ಇವೆರಡರ ನಡುವಿನ ಸಂಬಂಧ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 1: ಸರಿಯಾದ ಜಾಗದಲ್ಲಿ ಅಳೆಯಿರಿ

ಕಂಕುಳಿನ ತಾಪ ಇಲ್ಲಿ ಲೆಕ್ಕಕ್ಕಿಲ್ಲ. ಹಣೆಗೆ ಹಿಡಿಯುವ, ಕಿವಿಗೆ ಇಡುವ ಇನ್‌ಫ್ರಾರೆಡ್ ಸಾಧನಗಳನ್ನೂ ನಂಬಬೇಡಿ. ಬಿಪಿ ಏರಿಸುವ ಔಷಧ ಹರಿಯುತ್ತಿರುವಾಗ ಚರ್ಮಕ್ಕೆ ರಕ್ತ ಸರಿಯಾಗಿ ಬರುವುದಿಲ್ಲ, ಬಿಸಿಗಾಳಿ ಹೊದಿಕೆ ಇದ್ದರೆ ಚರ್ಮ ಸುಳ್ಳು ಬಿಸಿ ತೋರಿಸುತ್ತದೆ. ಸಾಮಾನ್ಯ ಕ್ಲಿನಿಕಲ್ ಥರ್ಮಾಮೀಟರುಗಳ ಅಳತೆಪಟ್ಟಿ 35ರ ಆಸುಪಾಸಿನಲ್ಲೇ ಶುರುವಾಗುತ್ತದೆ. ರೋಗಿ 33ರಲ್ಲಿದ್ದರೂ ಅದು 35 ಎಂದೇ ಹೇಳೀತು.

ಅನ್ನನಾಳದ ಪ್ರೋಬ್ ಮೊದಲ ಆಯ್ಕೆ. ತುದಿ ಹೃದಯದ ಹಿಂದೆ, ಅನ್ನನಾಳದ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಬೇಕು. ವಯಸ್ಕರಲ್ಲಿ ಮೂಗಿನಿಂದ ಹಾಕಿದರೆ ಸುಮಾರು 40 ಸೆಂ.ಮೀ. ಆಗುತ್ತದೆ, ಎತ್ತರಕ್ಕೆ ತಕ್ಕಂತೆ ಹೆಚ್ಚುಕಡಿಮೆ. ಎದೆಯ ಎಕ್ಸ್‌ರೇ ಹೇಗೂ ತೆಗೆಯುತ್ತೀರಿ, ಅದರಲ್ಲೇ ತುದಿ ಎಲ್ಲಿದೆ ನೋಡಿಬಿಡಿ. ಮೇಲೆ ನಿಂತರೆ ಶ್ವಾಸನಾಳದಲ್ಲಿ ಓಡಾಡುವ ವೆಂಟಿಲೇಟರ್ ಗಾಳಿಯ ತಾಪ ಬೆರೆಯುತ್ತದೆ, ಹೊಟ್ಟೆಗೆ ಇಳಿದರೆ ಟ್ಯೂಬಿನಲ್ಲಿ ಕೊಟ್ಟ ದ್ರವದ ತಾಪ ಬರುತ್ತದೆ. ತಲೆಬುರುಡೆಯ ತಳ ಮುರಿದಿರುವ ಸಂಶಯವಿದ್ದರೆ ಮೂಗಿನಿಂದ ಏನನ್ನೂ ಹಾಕಬಾರದು, ಬಾಯಿಯಿಂದ ಹಾಕಿ.

ಮೂತ್ರಕೋಶದ ಪ್ರೋಬ್ ಮೂತ್ರ ಚೆನ್ನಾಗಿ ಹರಿಯುತ್ತಿದ್ದರೆ ಒಳ್ಳೆಯದು. ಮೂತ್ರ ನಿಂತರೆ ಅದು ತಡವಾಗಿ ಹೇಳುತ್ತದೆ. ಗುದದ ಪ್ರೋಬ್ ಎಲ್ಲಕ್ಕಿಂತ ನಿಧಾನ, ಮಲದೊಳಗೆ ಹೂತರೆ ಇನ್ನೂ ನಿಧಾನ. ಪಲ್ಮನರಿ ಆರ್ಟರಿ ಕ್ಯಾಥೆಟರ್ (ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಇಡುವ ನಳಿಕೆ) ಆಗಲೇ ಇದ್ದರೆ ಅದರ ಅಂಕಿ ಬಳಸಿ, ತಾಪಕ್ಕೆಂದೇ ಹಾಕಬೇಡಿ.

ಶುರುವಿನಲ್ಲಿ ಎರಡು ಜಾಗದಲ್ಲಿ ಅಳೆದು ಹೋಲಿಸಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚಿಕಿತ್ಸೆ ಬದಲಿಸುವ ಮೊದಲು ಪ್ರೋಬ್‌ನ ಜಾಗ ನೋಡಿ. ಆ ಮೇಲೆ ಒಂದೇ ಜಾಗ ಹಿಡಿಯಿರಿ. ಬೆಳಗ್ಗೆ ಅನ್ನನಾಳ, ಮಧ್ಯಾಹ್ನ ಗುದ, ಸಂಜೆ ಕಿವಿ ಎಂದು ಬರೆದ ಚಾರ್ಟಿನಿಂದ ತಾಪ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಲಾಗದು.

ಹಂತ 2: ಶಾಖ ಎಲ್ಲಿಂದ ಸೋರುತ್ತಿದೆ ಎಂದು ಲೆಕ್ಕ ಹಾಕಿ

ಬಹಳಷ್ಟು ಮಂದಿ ಈ ಹಂತವನ್ನು ಬಿಟ್ಟು ನೇರ ಹೊದಿಕೆಗೆ ಹೋಗುತ್ತಾರೆ. ನಮ್ಮ ಪ್ರಕಾರ ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ.

ದೇಹದ ಒಂದು ಕೆ.ಜಿ.ಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.83 ಕಿಲೋಕ್ಯಾಲರಿ ಬೇಕು. 70 ಕೆ.ಜಿ. ರೋಗಿಗೆ ಒಂದು ಡಿಗ್ರಿ ಎಂದರೆ ಸುಮಾರು 58 ಕಿಲೋಕ್ಯಾಲರಿ. ಈಗ 20 ಡಿಗ್ರಿಯ ಒಂದು ಲೀಟರ್ ಸಲೈನ್ ಕೊಟ್ಟಿರಿ ಎನ್ನಿ. ಅದನ್ನು 37ಕ್ಕೆ ಏರಿಸಲು ದೇಹ 17 ಕಿಲೋಕ್ಯಾಲರಿ ಕಳೆದುಕೊಳ್ಳುತ್ತದೆ. ಅಂದರೆ ಸುಮಾರು 0.3 ಡಿಗ್ರಿ ಇಳಿತ.

ಒಂದು ಲೀಟರಿಗೆ ಇದು ಸಣ್ಣದು ಎನಿಸೀತು. ಆದರೆ ಮಿದುಳು ಸಾವಿನಲ್ಲಿ ಡಯಾಬಿಟಿಸ್ ಇನ್ಸಿಪಿಡಸ್ (ಇದು ಸಕ್ಕರೆ ಕಾಯಿಲೆಯಲ್ಲ) ಬರುವುದು ಬಹಳ ಸಾಮಾನ್ಯ. ಪಿಟ್ಯುಟರಿ ಗ್ರಂಥಿಯಿಂದ ಮೂತ್ರವನ್ನು ಹತೋಟಿಯಲ್ಲಿಡುವ ವಾಸೊಪ್ರೆಸಿನ್ ಹಾರ್ಮೋನು ಬರುವುದು ನಿಂತು ನೀರಿನಂಥ ಮೂತ್ರ ಸುರಿಯುತ್ತದೆ. ಗಂಟೆಗೆ 600 ಮಿ.ಲೀ. ಮೂತ್ರ ಹೋಗುತ್ತಿದೆ, ನೀವು ಅಷ್ಟನ್ನೇ ಕೋಣೆಯ ತಾಪದ ದ್ರವದಿಂದ ತುಂಬುತ್ತಿದ್ದೀರಿ ಎಂದರೆ ನಾಲ್ಕು ಗಂಟೆಯಲ್ಲಿ 2.4 ಲೀಟರ್ ಬಿಸಿ ಹೊರಗೆ, 2.4 ಲೀಟರ್ ತಂಪು ಒಳಗೆ. ಇದರಿಂದಲೇ 0.7 ಡಿಗ್ರಿ ಹೋಯಿತು. ಬೇರೆ ಸೋರಿಕೆ ಇದರ ಮೇಲೆ. ಎಷ್ಟು ಹೊದಿಸಿದರೂ ತಾಪ ಏರುತ್ತಿಲ್ಲ ಎಂಬ ದೂರು ಬಂದಾಗ ಮೊದಲು ಯೂರಿನ್ ಬ್ಯಾಗ್ ನೋಡಿ.

ಉಳಿದ ಸೋರಿಕೆಗಳು ಇವು: ರಕ್ತನಿಧಿಯ ಫ್ರಿಜ್‌ನಿಂದ ಬಂದ 4 ಡಿಗ್ರಿಯ ರಕ್ತ, ಒಣ ವೆಂಟಿಲೇಟರ್ ಗಾಳಿ, ಎಸಿಯ ನೇರ ಗಾಳಿ, ಸ್ಪಂಜ್ ಸ್ನಾನದ ನಂತರ ಒದ್ದೆ ಉಳಿದ ಹಾಸು, ಪರೀಕ್ಷೆಗೆಂದು ತೆರೆದು ಹಾಗೇ ಬಿಟ್ಟ ಎದೆ ಹೊಟ್ಟೆ. ಡಯಾಲಿಸಿಸ್ ನಡೆಯುತ್ತಿದ್ದರೆ ಹೊರಗೆ ಸುತ್ತಿ ಬರುವ ರಕ್ತವೂ ತಣ್ಣಗಾಗುತ್ತದೆ, ಯಂತ್ರದ ವಾರ್ಮರ್ ಚಾಲೂ ಇದೆಯೇ ನೋಡಿ.

ಹಂತ 3: ಸೋರಿಕೆ ಮುಚ್ಚಿ

ಕೋಣೆಯ ತಾಪ 24 ಡಿಗ್ರಿ ಅಥವಾ ಹೆಚ್ಚು ಇರಲಿ. ಇಡೀ ಐಸಿಯುಗೆ ಒಂದೇ ಎಸಿ ಇದ್ದರೆ ಆ ಹಾಸಿಗೆಯ ಮೇಲಿನ ಗಾಳಿಕಿಂಡಿಯನ್ನು ತಿರುಗಿಸಿ ಅಥವಾ ಹಾಸಿಗೆಯನ್ನೇ ಸರಿಸಿ.

ಒದ್ದೆ ಹಾಸು ತೆಗೆಯಿರಿ, ಮೈ ಒರೆಸಿ ಒಣಗಿಸಿ, ತಲೆ ಮುಚ್ಚಿ. ತಲೆಯ ಮೇಲೆ ಐಸ್ ಪ್ಯಾಕ್ ಅಥವಾ ಮಿದುಳು ಊತಕ್ಕೆಂದು ಹಾಕಿದ ಕೂಲಿಂಗ್ ಹಾಸು ಇನ್ನೂ ಉಳಿದಿದೆಯೇ? ಮೂರು ಶಿಫ್ಟ್ ಬದಲಾದ ಮೇಲೂ ಹಾಗೇ ಉಳಿದಿರುವುದುಂಟು. ಹೊತ್ತು ಹೊತ್ತಿಗೆ ಕೊಡಲು ಬರೆದಿಟ್ಟ ಪ್ಯಾರಸಿಟಮಾಲ್ ಆದೇಶಗಳನ್ನೂ ವೈದ್ಯರಿಗೆ ತೋರಿಸಿ ನಿಲ್ಲಿಸಿಕೊಳ್ಳಿ.

ಡಯಾಬಿಟಿಸ್ ಇನ್ಸಿಪಿಡಸ್‌ಗೆ ಚಿಕಿತ್ಸೆ ಶುರುವಾಗಲಿ. ಗಂಟೆಗೆ ಕೆ.ಜಿ.ಗೆ 4 ಮಿ.ಲೀ.ಗಿಂತ ಹೆಚ್ಚು ತಿಳಿ ಮೂತ್ರ, ಜೊತೆಗೆ ಸೋಡಿಯಂ 145 ದಾಟಿ ಏರುತ್ತಿದೆ ಎಂದರೆ ಕಾಯಬೇಡಿ, ವೈದ್ಯರನ್ನು ಕರೆಯಿರಿ. ಡೆಸ್ಮೊಪ್ರೆಸಿನ್ (ಅದೇ ಹಾರ್ಮೋನಿನ ಕೃತಕ ರೂಪ) ಅಥವಾ ವಾಸೊಪ್ರೆಸಿನ್ ಕೊಟ್ಟು ಮೂತ್ರ ಹತೋಟಿಗೆ ಬಂದರೆ ಮುಕ್ಕಾಲು ಪಾಲು ಕೆಲಸ ಆದಂತೆ. ಹಾರ್ಮೋನು ಕೊಡದೆ ಬರೀ ದ್ರವ ತುಂಬುತ್ತ ಹೋದರೆ ಬಿಪಿಯೂ ನಿಲ್ಲುವುದಿಲ್ಲ, ತಾಪವೂ ನಿಲ್ಲುವುದಿಲ್ಲ.

ವೇಗವಾಗಿ ಹೋಗುವ ಎಲ್ಲ ದ್ರವ ಮತ್ತು ರಕ್ತ ವಾರ್ಮರ್ ಮೂಲಕವೇ ಹೋಗಲಿ. ವಾರ್ಮರಿನಿಂದ ರೋಗಿಯ ಕೈವರೆಗಿನ ಟ್ಯೂಬ್ ಆದಷ್ಟು ಗಿಡ್ಡ ಇರಬೇಕು. ಹರಿವು ನಿಧಾನವಿದ್ದರೆ ಬಿಸಿಯಾದ ದ್ರವ ಟ್ಯೂಬಿನಲ್ಲೇ ಮತ್ತೆ ಕೋಣೆಯ ತಾಪಕ್ಕೆ ಬರುತ್ತದೆ, ವಾರ್ಮರ್ ದೀಪ ಹಸಿರು ಇದ್ದರೂ ರೋಗಿಗೆ ತಲುಪುವುದು ತಂಪು ದ್ರವವೇ. ಸಿರಿಂಜ್ ಪಂಪಿನಲ್ಲಿ ಹನಿಹನಿಯಾಗಿ ಹೋಗುವ ಔಷಧಗಳಿಗೆ ವಾರ್ಮರ್ ಬೇಡ, ಅವುಗಳ ಪ್ರಮಾಣ ಲೆಕ್ಕಕ್ಕೆ ಬರುವುದಿಲ್ಲ. ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಇಡುವುದು, ರಕ್ತದ ಚೀಲವನ್ನು ಬಿಸಿನೀರಿನಲ್ಲಿ ಅದ್ದುವುದು ಕೂಡದು. ರಕ್ತ ಮಿತಿಮೀರಿ ಬಿಸಿಯಾದರೆ ಕೆಂಪು ಕಣಗಳು ಒಡೆಯುತ್ತವೆ.

ವೆಂಟಿಲೇಟರಿಗೆ ಬಿಸಿ ಹ್ಯುಮಿಡಿಫೈಯರ್ ಜೋಡಿಸಿ, ಟ್ಯೂಬಿನ ಬಳಿ 37 ಡಿಗ್ರಿ ಇರಲಿ. ಇದರಿಂದಲೇ ದೇಹ ಬಿಸಿಯಾಗುತ್ತದೆ ಎಂದುಕೊಳ್ಳಬೇಡಿ, ಒಂದು ಸೋರಿಕೆ ಮುಚ್ಚುತ್ತದೆ ಅಷ್ಟೆ.

ಹಂತ 4: ಹೊರಗಿನಿಂದ ಬಿಸಿ ಕೊಡಿ

ಬಿಸಿಗಾಳಿ ಹೊದಿಕೆ ನೇರವಾಗಿ ಚರ್ಮಕ್ಕೆ ತಾಗುವಂತೆ ಹಾಕಿ, ಅದರ ಮೇಲೆ ಒಂದು ಹತ್ತಿಯ ಹೊದಿಕೆ. ಹಲವರು ಉಲ್ಟಾ ಮಾಡುತ್ತಾರೆ: ಕೆಳಗೆ ದಪ್ಪ ಕಂಬಳಿ, ಮೇಲೆ ಬಿಸಿಗಾಳಿ. ಹಾಗಾದರೆ ಬಿಸಿಯಾಗುವುದು ಕಂಬಳಿ.

ಪೈಪನ್ನು ಹೊದಿಕೆಗೆ ಜೋಡಿಸದೆ ಹಾಸಿಗೆಯ ಬಟ್ಟೆಯೊಳಗೆ ತೂರಿಸಿ ಗಾಳಿ ಬಿಡಬೇಡಿ. ಪೈಪಿನ ಬಾಯಿ ತಾಗಿದ ಜಾಗ ಸುಡುತ್ತದೆ. ಬಿಸಿನೀರಿನ ಚೀಲ, ಬಿಸಿ ಮಾಡಿದ ಸಲೈನ್ ಬಾಟಲಿಯನ್ನು ಕಂಕುಳಲ್ಲಿ ಇಡುವುದೂ ಬೇಡ. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧ) ಹರಿಯುತ್ತಿರುವ ರೋಗಿಯ ಚರ್ಮಕ್ಕೆ ರಕ್ತ ಕಡಿಮೆ, ಬಿಸಿಯನ್ನು ಹೊತ್ತೊಯ್ಯುವವರು ಯಾರೂ ಇಲ್ಲ, ಅದೇ ಜಾಗದಲ್ಲಿ ಬೊಬ್ಬೆ ಏಳುತ್ತದೆ. ನೋವು ಎನ್ನಲು ರೋಗಿಗೂ ಆಗದು. ಗಂಟೆಗೊಮ್ಮೆ ಹೊದಿಕೆ ಎತ್ತಿ ಚರ್ಮ ನೋಡಿ, ಬೆನ್ನನ್ನೂ ಮರೆಯಬೇಡಿ.

ವೇಗ ಎಷ್ಟು? ಗಂಟೆಗೆ ಅರ್ಧ ಡಿಗ್ರಿಯಷ್ಟು ಸಾಕು. ಹೃದಯ ನಿಂತು ಮರಳಿದ ಮೇಲೆ ಚಿಕಿತ್ಸೆಗಾಗಿ ತಂಪು ಮಾಡಿದ್ದ ರೋಗಿಯಾದರೆ 0.25ರಿಂದ 0.5. ಇದಕ್ಕಿಂತ ಅವಸರ ಮಾಡಿದರೆ ಚರ್ಮದ ನಾಳಗಳು ಹಿಗ್ಗಿ ಬಿಪಿ ಕುಸಿಯುತ್ತದೆ. ತಂಪಿನಲ್ಲಿ ಜೀವಕೋಶದೊಳಗೆ ಹೋಗಿದ್ದ ಪೊಟ್ಯಾಸಿಯಂ ಬಿಸಿಯಾಗುವಾಗ ರಕ್ತಕ್ಕೆ ಮರಳುತ್ತದೆ. ತಂಪಿನಲ್ಲಿ 3.2 ಇತ್ತೆಂದು ಜೋರಾಗಿ ಪೊಟ್ಯಾಸಿಯಂ ಕೊಟ್ಟು, ಬಿಸಿಯಾದ ಮೇಲೆ 6 ನೋಡಿ ಗಾಬರಿಯಾಗುವುದು ಬೇಡ. ಏರಿಸುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಪೊಟ್ಯಾಸಿಯಂ ಮತ್ತು ಸಕ್ಕರೆ ನೋಡಿ. ಇನ್ಸುಲಿನ್ ಪಂಪ್ ಓಡುತ್ತಿದ್ದರೆ ಬಿಸಿಯಾದಂತೆ ಅದರ ಪರಿಣಾಮ ಹೆಚ್ಚಿ ಸಕ್ಕರೆ ಬೀಳಬಹುದು.

ಬೆಚ್ಚಗಿನ ಸಲೈನ್‌ನಿಂದ ಹೊಟ್ಟೆ ಅಥವಾ ಮೂತ್ರಕೋಶ ತೊಳೆಯುವುದು ಎರಡನೇ ಸಾಲಿನ ಉಪಾಯ. ಅದನ್ನು ಮಾಡುವಾಗ ಮೂತ್ರಕೋಶದ ಪ್ರೋಬ್ ಅಳೆಯುವುದು ನೀವು ಹಾಕಿದ ನೀರಿನ ತಾಪವನ್ನು. ದೇಹ ಇನ್ನೂ 34ರಲ್ಲಿದ್ದರೂ ಮಾನಿಟರ್ 37 ತೋರಿಸುತ್ತದೆ, ಪರೀಕ್ಷೆ ಶುರುವಾಗಿಬಿಡುತ್ತದೆ. ಆ ಹೊತ್ತಿನಲ್ಲಿ ಅನ್ನನಾಳದ ಅಂಕಿಯನ್ನೇ ನಂಬಿ.

ಹಂತ 5: ಪರೀಕ್ಷೆಗೆ ಮುನ್ನ ಹಿಡಿದಿಡಿ

ಮಿದುಳು ಸಾವಿನ ಪರೀಕ್ಷೆಗೆ ಒಳತಾಪ ಕನಿಷ್ಠ 36 ಡಿಗ್ರಿ ಇರಬೇಕು ಎನ್ನುವುದು 2020ರ ವರ್ಲ್ಡ್ ಬ್ರೈನ್ ಡೆತ್ ಪ್ರಾಜೆಕ್ಟ್ ಶಿಫಾರಸು. ಅಮೆರಿಕದ ನರವಿಜ್ಞಾನ, ಮಕ್ಕಳ ವೈದ್ಯಕೀಯ ಮತ್ತು ತೀವ್ರ ನಿಗಾ ಸಂಘಟನೆಗಳು 2023ರಲ್ಲಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹಳೆಯ ಕೈಪಿಡಿಗಳಲ್ಲಿ 32, 35 ಎಂಬ ಅಂಕಿಗಳು ಸಿಗುತ್ತವೆ. ಯಾವುದು ನಿಮಗೆ ಅನ್ವಯ ಎಂಬುದು ನಿಮ್ಮಲ್ಲಿನ ಕಾನೂನು ಮತ್ತು ಆಸ್ಪತ್ರೆಯ ನಿಯಮದ ಮೇಲೆ ನಿಂತಿದೆ, ಆದರೆ 36ರ ಮೇಲಿಟ್ಟರೆ ಎಲ್ಲೂ ತಕರಾರು ಬರುವುದಿಲ್ಲ.

ಈ ಅಂಕಿಯ ಹಿಂದಿನ ಕಾರಣ ಸ್ಪಷ್ಟ. ಆಳವಾದ ತಂಪು ತಾನೇ ಮಿದುಳು ಸಾವಿನಂತೆ ಕಾಣುತ್ತದೆ: ಪಾಪೆ ಅಲುಗುವುದಿಲ್ಲ, ಕಾಂಡದ ಪ್ರತಿವರ್ತನೆಗಳು ಮಾಯವಾಗುತ್ತವೆ, ಮಿದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿ ಚಪ್ಪಟೆಯಾಗುತ್ತದೆ. ಅಷ್ಟು ಆಳಕ್ಕೆ ಹೋಗದ ತಂಪಿನಲ್ಲೂ ಇನ್ನೊಂದು ತೊಂದರೆ ಇದೆ. ಪ್ರಜ್ಞೆ ಮಂಕಾಗಿಸುವ ಮಿಡಜೋಲಾಮ್, ಫೆಂಟನಿಲ್‌ನಂಥ ಔಷಧಗಳನ್ನು ಯಕೃತ್ತು ನಿಧಾನವಾಗಿ ಕರಗಿಸುತ್ತದೆ. ಸಾಮಾನ್ಯ ತಾಪದ ಲೆಕ್ಕದಲ್ಲಿ 'ಔಷಧ ಇಳಿದಿದೆ' ಎಂದರೂ ತಂಪಾದ ದೇಹದಲ್ಲಿ ಇನ್ನೂ ಉಳಿದಿರಬಹುದು. ಚಿಕಿತ್ಸೆಗಾಗಿ ತಂಪು ಮಾಡಿದ್ದ ರೋಗಿಯಲ್ಲಿ 36ಕ್ಕೆ ಮರಳಿದ ಮೇಲೆ ಕನಿಷ್ಠ 24 ಗಂಟೆ ಕಾದೇ ಪರೀಕ್ಷೆ ಶುರು ಮಾಡಬೇಕು. 36 ಮುಟ್ಟಿದ ಹೊತ್ತನ್ನು ಗಂಟೆ ನಿಮಿಷ ಸಮೇತ ಚಾರ್ಟಿನಲ್ಲಿ ಬರೆಯಿರಿ, 24 ಗಂಟೆ ಅಲ್ಲಿಂದ ಲೆಕ್ಕ.

ಗುರಿಯನ್ನು 36ಕ್ಕೆ ಇಡಬೇಡಿ, 36.5ರಿಂದ 37ಕ್ಕೆ ಇಡಿ. ಪರೀಕ್ಷೆಗೆ ಹೊದಿಕೆ ತೆಗೆಯುತ್ತೀರಿ, ಕಣ್ಣು ಅಲುಗುತ್ತದೆಯೇ ನೋಡಲು ಕಿವಿಗೆ ಐಸ್ ನೀರು ಬಿಡುತ್ತೀರಿ, ಒಂದಿಷ್ಟು ಇಳಿಯುತ್ತದೆ. 36.0ರಲ್ಲಿ ಶುರುವಾದ ಪರೀಕ್ಷೆ 35.8ರಲ್ಲಿ ಮುಗಿಯಬಾರದು.

ಹಂತ 6: ಆಪ್ನಿಯಾ ಟೆಸ್ಟ್ ಹೊತ್ತಿಗೆ ತಾಪ

ವೆಂಟಿಲೇಟರ್ ಬಿಡಿಸಿ ರೋಗಿ ತಾನೇ ಉಸಿರಾಡುತ್ತಾರೆಯೇ ಎಂದು ನೋಡುವ ಈ ಪರೀಕ್ಷೆಯಲ್ಲಿ ತಾಪ ಎರಡು ರೀತಿ ಕಾಡುತ್ತದೆ. ತಂಪಾದ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಹುಟ್ಟುತ್ತದೆ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 3 ಮಿ.ಮೀ. ಪಾದರಸದಂತೆ ಏರಬೇಕಾದದ್ದು ನಿಧಾನವಾಗುತ್ತದೆ. 60 ತಲುಪಬೇಕು, ಆರಂಭಕ್ಕಿಂತ 20 ಏರಬೇಕು ಎಂಬ ಗುರಿ 8ರಿಂದ 10 ನಿಮಿಷದಲ್ಲಿ ಸಿಗದೆ ಹೋಗುತ್ತದೆ. ಕಾಯುತ್ತ ಕುಳಿತರೆ ಆಮ್ಲಜನಕ ಬೀಳುತ್ತದೆ, ಬಿಪಿ ಕುಸಿಯುತ್ತದೆ, ಪರೀಕ್ಷೆ ನಡುವೆ ನಿಲ್ಲುತ್ತದೆ.

ಎರಡನೆಯದು ಬ್ಲಡ್ ಗ್ಯಾಸ್ ಯಂತ್ರದ್ದು. ಅದು ಸ್ಯಾಂಪಲ್ಲನ್ನು 37ಕ್ಕೆ ಬಿಸಿ ಮಾಡಿ ಅಳೆಯುತ್ತದೆ. ರೋಗಿಯ ತಾಪವನ್ನು ಒತ್ತಿದರೆ ಅದಕ್ಕೆ ತಿದ್ದಿದ ಅಂಕಿಯನ್ನೂ ಕೊಡುತ್ತದೆ. 37ರಲ್ಲಿ 60 ಇದ್ದದ್ದು 34ಕ್ಕೆ ತಿದ್ದಿದರೆ ಸುಮಾರು 53. ಮೊದಲ ಸ್ಯಾಂಪಲ್ ತಿದ್ದದೆ, ಎರಡನೆಯದು ತಿದ್ದಿ ಓದಿದರೆ 20ರ ಏರಿಕೆ ಲೆಕ್ಕ ಕೆಟ್ಟುಹೋಗುತ್ತದೆ. ಯಾವ ವಿಧಾನ ಎಂದು ಮೊದಲೇ ಗೊತ್ತುಮಾಡಿ, ಎರಡೂ ಸ್ಯಾಂಪಲ್‌ಗೆ ಅದನ್ನೇ ಬಳಸಿ. ತಾಪ 36.5 ದಾಟಿದ್ದರೆ ಈ ಜಗಳವೇ ಇರುವುದಿಲ್ಲ.

ವೆಂಟಿಲೇಟರ್ ಬಿಡಿಸಿದಾಗ ಎದೆ ಹೊಟ್ಟೆ ಕಾಣಬೇಕು, ಉಸಿರಾಟದ ಅಲುಗಾಟ ನೋಡಬೇಕು. ಆದ್ದರಿಂದ ಬಿಸಿಗಾಳಿ ಹೊದಿಕೆಯನ್ನು ಕಾಲಿಗೆ ಇಳಿಸಿ, ಯಂತ್ರವನ್ನು ಆ ಹೊತ್ತಿಗೆ ನಿಲ್ಲಿಸಿ. ಗಾಳಿಯಿಂದ ಹೊದಿಕೆ ಅಲುಗಿದ್ದು ಉಸಿರಾಟದಂತೆ ಕಾಣಬಾರದು.

ತಾಪ ಏರಿದರೆ

38 ದಾಟಿದರೆ ಮೊದಲು ನೋಡಬೇಕಾದ್ದು ವಾರ್ಮರ್ ಸೆಟ್ಟಿಂಗ್. ನಿಯಂತ್ರಣವಿಲ್ಲದ ದೇಹ ತಂಪಿನ ಕಡೆಗೆ ಹೇಗೆ ಜಾರುತ್ತದೋ ಬಿಸಿಯ ಕಡೆಗೂ ಹಾಗೇ ಜಾರುತ್ತದೆ. 37 ಮುಟ್ಟಿದ ಕೂಡಲೇ ಹೆಚ್ಚಿನ ಸೆಟ್ಟಿಂಗ್ ಇಳಿಸದಿದ್ದರೆ ಕೆಲವೇ ಗಂಟೆಯಲ್ಲಿ 38.5.

ವಾರ್ಮರ್ ಕಾರಣವಲ್ಲ ಎಂದಾದರೆ ಸೋಂಕು, ರಕ್ತ ಕೊಟ್ಟ ಮೇಲಿನ ಪ್ರತಿಕ್ರಿಯೆ, ಔಷಧ, ಇವನ್ನು ಸಾಲಾಗಿ ನೋಡಿ. ಇದರ ಉಲ್ಟಾ ಹೆಚ್ಚು ಅಪಾಯಕಾರಿ: ಜ್ವರ ಇಲ್ಲ ಎಂಬ ಕಾರಣಕ್ಕೆ ಸೋಂಕು ಇಲ್ಲ ಎಂದು ತೀರ್ಮಾನಿಸುವುದು. ಜ್ವರ ಏರಿಸುವ ಕೇಂದ್ರವೇ ಇಲ್ಲದ ಮೇಲೆ ನ್ಯುಮೋನಿಯಾ ಇದ್ದರೂ ತಾಪ 36ರಲ್ಲೇ ಇರಬಹುದು. ಕಫದ ಬಣ್ಣ, ಎಕ್ಸ್‌ರೇ, ಕಲ್ಚರ್, ಹೆಚ್ಚುತ್ತಿರುವ ನಾರ್‌ಅಡ್ರಿನಲಿನ್ ಪ್ರಮಾಣ, ಇವುಗಳ ಮೇಲೆ ಕಣ್ಣಿಡಿ.

ತಕ್ಷಣ ವೈದ್ಯರನ್ನು ಕರೆಯಬೇಕಾದ ಸೂಚನೆಗಳು

- ನಿಜವಾದ ಚಳಿನಡುಕ. ಇದಕ್ಕೆ ಹೈಪೊಥಾಲಮಸ್ ಮತ್ತು ಕಾಂಡದ ದಾರಿ ಬೇಕು. ಬೆನ್ನುಹುರಿಯಿಂದ ಬರುವ ಬೆರಳಿನ ಮಿಡಿತ, ಕಾಲಿನ ಸೆಳೆತ ಮಿದುಳು ಸಾವಿನಲ್ಲೂ ಇರಬಹುದು, ಎರಡನ್ನೂ ಬೇರೆ ಮಾಡಿ ನೋಡುವುದು ಅನುಭವಿಗಳ ಕೆಲಸ. ಅನುಮಾನವಿದ್ದರೆ ಪರೀಕ್ಷೆ ನಿಲ್ಲಿಸಿ.
- ಹೊರಗಿನ ಬಿಸಿ ಏನೂ ಇಲ್ಲದೆ ತಾಪ ತಾನೇ 36ಕ್ಕೆ ಬಂದು ಅಲ್ಲೇ ನಿಲ್ಲುವುದು. ಕಾರಣ ಹುಡುಕದೆ ಮುಂದೆ ಹೋಗಬೇಡಿ.
- 32ರ ಕೆಳಗೆ ಇಳಿದಿರುವುದು, ಅಥವಾ ಇಸಿಜಿಯಲ್ಲಿ ಕ್ಯುಆರ್‌ಎಸ್ (ಚೂಪಾದ ದೊಡ್ಡ ಅಲೆ) ಕೊನೆಗೆ ಗೂನಿನಂಥ ಉಬ್ಬು. ಈ ತಾಪದಲ್ಲಿ ಹೃದಯ ತಾಳ ತಪ್ಪುತ್ತದೆ, ರೋಗಿಯನ್ನು ಒರಟಾಗಿ ಹೊರಳಿಸಬೇಡಿ.
- ನಾಡಿ ನಿಧಾನಗೊಂಡು ಬಿಪಿ ಬೀಳುವುದು. ಮಿದುಳು ಸಾವಿನಲ್ಲಿ ನಾಡಿ ಏರಿಸುವ ಅಟ್ರೊಪಿನ್ ಕೆಲಸ ಮಾಡುವುದಿಲ್ಲ, ಅದರ ಮೇಲೆ ಸಮಯ ಕಳೆಯಬೇಡಿ.
- ಸೂಜಿ ಚುಚ್ಚಿದ ಜಾಗಗಳಿಂದ ರಕ್ತ ಒಸರುವುದು. 35ರ ಕೆಳಗೆ ಹೆಪ್ಪುಗಟ್ಟುವಿಕೆ ಕೆಡುತ್ತದೆ. ಲ್ಯಾಬ್ ಸ್ಯಾಂಪಲ್ಲನ್ನು 37ರಲ್ಲಿ ನೋಡುವುದರಿಂದ ವರದಿ ಸರಿಯಾಗಿಯೇ ಬರಬಹುದು.

ಹಂತ 7: ಘೋಷಣೆಯ ನಂತರ

ಅಂಗದಾನ ಇಲ್ಲ ಎಂದಾದರೆ ತಾಪದ ಕೆಲಸ ಇಲ್ಲಿಗೆ ಮುಗಿಯಿತು. ದಾನಕ್ಕೆ ಒಪ್ಪಿಗೆ ಇದ್ದರೆ ಸಾಮಾನ್ಯ ಗುರಿ 36ರಿಂದ 37.5.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಘೋಷಣೆಯ ನಂತರ ದಾನಿಗಳನ್ನು 34ರಿಂದ 35 ಡಿಗ್ರಿಯಲ್ಲಿ ಇಟ್ಟಾಗ, ಕಸಿಯಾದ ಕಿಡ್ನಿ ತಡವಾಗಿ ಕೆಲಸ ಶುರು ಮಾಡುವ ಪ್ರಮಾಣ 39 ಪ್ರತಿಶತದಿಂದ 28ಕ್ಕೆ ಇಳಿದಿತ್ತು. 2023ರ ಇನ್ನೊಂದು ಅಧ್ಯಯನದಲ್ಲಿ ಹೊರತೆಗೆದ ಕಿಡ್ನಿಯನ್ನು ಯಂತ್ರದಲ್ಲಿಟ್ಟು ದ್ರವ ಹರಿಸುವ ವಿಧಾನ ಈ ತಂಪಿಗಿಂತ ಮೇಲೆನಿಸಿತು. ಆದ್ದರಿಂದ ಕಸಿ ತಂಡ ಲಿಖಿತವಾಗಿ ಹೇಳದೆ ಯಾರನ್ನೂ ತಂಪು ಮಾಡಲು ಹೋಗಬೇಡಿ. ನಿಯಮದಂತೆ ಎರಡನೇ ಪರೀಕ್ಷೆ ಬಾಕಿ ಇದ್ದರಂತೂ ಅದರ ಮಾತೇ ಬೇಡ.

ಮನೆಯವರು ಕೇಳಿದಾಗ

'ಮೈ ಬೆಚ್ಚಗಿದೆಯಲ್ಲ, ಹೋಗಿದ್ದಾರೆ ಅಂತ ಹೇಗೆ ಹೇಳ್ತೀರಿ?' ಈ ಪ್ರಶ್ನೆ ಬಂದೇ ಬರುತ್ತದೆ. ಹೃದಯ ಇನ್ನೂ ರಕ್ತ ಹರಿಸುತ್ತಿದೆ, ಯಂತ್ರ ಉಸಿರು ಕೊಡುತ್ತಿದೆ, ಬೆಚ್ಚಗಿಟ್ಟಿರುವುದು ಈ ಹೊದಿಕೆ ಎಂದು ಹೊದಿಕೆಯನ್ನು ತೋರಿಸಿ ಹೇಳಿ. ಪರೀಕ್ಷೆ ತಪ್ಪಾಗಬಾರದು ಎಂದೇ ಬೆಚ್ಚಗೆ ಇಡುತ್ತಿದ್ದೇವೆ ಎಂಬುದನ್ನೂ ಸೇರಿಸಿ. 'ಈಗ ತಾಪ ಸುಧಾರಿಸಿದೆ' ಎಂಬ ಮಾತು ಮಾತ್ರ ಬಾಯಿಗೆ ಬರಬಾರದು, ಅವರು ಅದನ್ನು ಬೇರೆ ಅರ್ಥದಲ್ಲೇ ಕೇಳಿಸಿಕೊಳ್ಳುತ್ತಾರೆ.

ಸ್ಕ್ಯಾನ್‌ಗೆ ಅಥವಾ ಆಪರೇಷನ್ ಥಿಯೇಟರಿಗೆ ಸಾಗಿಸುವಾಗ

ಹೊರಡುವ ಮುನ್ನ ತಾಪ 36.5 ದಾಟಿರಲಿ. ಬಿಸಿಗಾಳಿ ಯಂತ್ರ ವಿದ್ಯುತ್ ಪ್ಲಗ್ ತೆಗೆದ ಕೂಡಲೇ ನಿಲ್ಲುತ್ತದೆ, ಹೊದಿಕೆಯ ಗಾಳಿ ಇಳಿದು ತೆಳು ಕಾಗದದಂತಾಗುತ್ತದೆ. ದಾರಿಗೆ ಒಣ ಕಂಬಳಿ ಮತ್ತು ತಲೆಗೆ ಟೋಪಿ ಬೇಕು. ಟ್ರಾನ್ಸ್‌ಪೋರ್ಟ್ ವೆಂಟಿಲೇಟರಿಗೆ ಬಿಸಿ ಹ್ಯುಮಿಡಿಫೈಯರ್ ಇರುವುದಿಲ್ಲ, ತೇವ ಹಿಡಿಯುವ ಫಿಲ್ಟರ್ ಹಾಕಿ. ಮರಳಿ ಬಂದ ಮೇಲೆ ಅದನ್ನು ತೆಗೆದೇ ಹ್ಯುಮಿಡಿಫೈಯರ್ ಜೋಡಿಸಿ. ಎರಡೂ ಒಟ್ಟಿಗೆ ಇದ್ದರೆ ಫಿಲ್ಟರ್ ನೀರು ಕುಡಿದು ಗಾಳಿಯ ದಾರಿ ಕಟ್ಟುತ್ತದೆ.